ಸೆರಾಮಿಕ್ ರೆಸಿಡೆನ್ಸಿ ನಡೆಸುವವರು ದಿನವಿಡೀ ಏನು ಮಾಡುತ್ತಾರೆ?

ಸೆರಾಮಿಕ್ ರೆಸಿಡೆನ್ಸಿ ಬಗ್ಗೆ ಓದುಗರೊಬ್ಬರು ಕೇಳಿದ್ದರಲ್ಲಿ ಎರಡು ಪ್ರಶ್ನೆ ಇವೆ. ಕಲಾವಿದರು ಬಂದು ಕೆಲವು ತಿಂಗಳು ತಂಗಿ ಮಣ್ಣಿನ ಕೆಲಸ ಮಾಡುವ ಸೆರಾಮಿಕ್ ರೆಸಿಡೆನ್ಸಿ ಕೇಂದ್ರಗಳನ್ನು ಯಾರು ನಡೆಸುತ್ತಾರೆ, ಅವರು ದಿನವಿಡೀ ಏನು ಮಾಡುತ್ತಾರೆ ಅನ್ನುವುದು ಒಂದು. ಅಲ್ಲಿ ಕೆಲಸಕ್ಕೆ ಸೇರಲು ಕಲಾವಿದರೇ ಆಗಿರಬೇಕಾ ಅನ್ನುವುದು ಇನ್ನೊಂದು. ನಾನು ಅಂಥ ಒಂದು ಕಡೆ ಕೆಲವು ವರ್ಷ ಸ್ಟುಡಿಯೋ ಟೆಕ್ನಿಷಿಯನ್ ಆಗಿದ್ದೆ. ಹಾಗಾಗಿ ಉತ್ತರ ಸ್ವಲ್ಪ ಟೆಕ್ನಿಷಿಯನ್ ಕಡೆಗೇ ವಾಲುತ್ತದೆ, ಮೊದಲೇ ಹೇಳಿಬಿಡುತ್ತೇನೆ.

ಹೊರಗಿನವರಿಗೆ ಕಾಣುವುದು ಡೈರೆಕ್ಟರ್. ಭಾಷಣ ಮಾಡುವವರು, ಪ್ರದರ್ಶನ ಉದ್ಘಾಟನೆಯ ದಿನ ಬಾಗಿಲಲ್ಲಿ ನಿಂತು ಕೈ ಕುಲುಕುವವರು. ಆದರೆ ಒಂದು ವಾರ ಒಳಗಿದ್ದು ನೋಡಿ. ಎಲ್ಲರೂ ಮತ್ತೆ ಮತ್ತೆ ಹೋಗಿ ನಿಲ್ಲುವುದು ಕಿಲ್ನ್ (ಮಣ್ಣಿನ ಪಾತ್ರೆ ಸುಡುವ ಗೂಡು) ಇರುವ ಕೋಣೆಯ ಗೋಡೆ ಮೇಲಿರುವ ಕ್ಯಾಲೆಂಡರ್ ಮುಂದೆ. ಯಾವ ಕಿಲ್ನ್ ಯಾವತ್ತು ಉರಿಯುತ್ತದೆ, ಅದರೊಳಗೆ ಯಾರಿಗೆ ಎಷ್ಟು ಶೆಲ್ಫ್ ಸಿಕ್ಕಿದೆ ಅನ್ನುವುದೆಲ್ಲ ಅಲ್ಲಿರುತ್ತದೆ. ಆ ಕ್ಯಾಲೆಂಡರ್ ಯಾರ ಕೈಯಲ್ಲಿದೆಯೋ ಅವರೇ ಕೇಂದ್ರ ನಡೆಸುವವರು ಅಂತ ನನ್ನ ಲೆಕ್ಕ.

ಚಿತ್ರ ಬರೆಯುವವರಿಗೆ ಒಂದು ಕೋಣೆ, ಒಳ್ಳೆ ಬೆಳಕು ಕೊಟ್ಟರೆ ಅವರ ಪಾಡಿಗೆ ಅವರಿರುತ್ತಾರೆ. ಮಣ್ಣಿನ ಕೆಲಸ ಹಾಗಲ್ಲ. ಮಾಡಿದ್ದು ಒಣಗಬೇಕು. ಆಮೇಲೆ ಸುಮಾರು 1000 ಡಿಗ್ರಿಗೆ ಒಂದು ಸಲ ಸುಡಬೇಕು, ಇದಕ್ಕೆ ಬಿಸ್ಕ್ ಅಂತಾರೆ. ಗ್ಲೇಜ್ (ಸುಟ್ಟಾಗ ಗಾಜಿನಂತಾಗುವ ಲೇಪ) ಹಚ್ಚಿ ಮತ್ತೆ ಸುಡಬೇಕು, ಕಲ್ಲಿನ ಹಾಗೆ ಗಟ್ಟಿಯಾಗುವ ಸ್ಟೋನ್‌ವೇರ್ ಆದರೆ 1200 ಡಿಗ್ರಿ ದಾಟಿ. ಪ್ರತಿ ಸಲವೂ ಕಿಲ್ನ್ ತಾನಾಗಿಯೇ ತಣ್ಣಗಾಗುವ ತನಕ ಕಾಯಬೇಕು. 573 ಡಿಗ್ರಿಯ ಹತ್ತಿರ ಮಣ್ಣಿನೊಳಗಿನ ಕ್ವಾರ್ಟ್ಜ್ ಹರಳಿನ ರೂಪ ಬದಲಾಗಿ ಗಾತ್ರ ಹೆಚ್ಚುಕಮ್ಮಿ ಆಗುತ್ತದೆ. ಆಗ ಆತುರಪಟ್ಟು ಬಾಗಿಲು ತೆಗೆದರೆ ಪಾತ್ರೆ ಟಣ್ ಅಂತ ಬಿರುಕು ಬಿಡುತ್ತದೆ. ಅಂದರೆ ಮೂರು ತಿಂಗಳಿಗೆ ಅಂತ ಬಂದ ಕಲಾವಿದರಿಗೆ ನಿಜವಾಗಿ ಮಣ್ಣು ಮುಟ್ಟಲು ಸಿಗುವುದು ಅದಕ್ಕಿಂತ ಎಷ್ಟೋ ಕಡಿಮೆ ದಿನ. ಈ ಲೆಕ್ಕವನ್ನು ಕೊನೆಯ ದಿನದಿಂದ ಹಿಂದಕ್ಕೆ ಎಣಿಸುತ್ತಾ ಹಾಕುವುದೇ ಟೆಕ್ನಿಷಿಯನ್ ಕೆಲಸ. ಕಲಾವಿದರು ಹಾಕುವುದಿಲ್ಲ. ಹಾಕಬಾರದು ಕೂಡ, ಇಲ್ಲದಿದ್ದರೆ ಹೊಸದೇನೂ ಹುಟ್ಟುವುದಿಲ್ಲ.

ಒಂದು ಉದಾಹರಣೆ ಹೇಳುತ್ತೇನೆ. ಒಬ್ಬ ಕಲಾವಿದೆ ಸೊಂಟದೆತ್ತರದ ಶಿಲ್ಪ ಮಾಡಿದ್ದರು, ಗೋಡೆ ಹೆಬ್ಬೆರಳಿಗಿಂತ ದಪ್ಪ. ವಾರದ ಕೊನೆಗೆ ಹೊರಡಬೇಕಿತ್ತು. ‘ಒಣಗಿದೆ, ಬಣ್ಣ ನೋಡಿ, ಪೂರ್ತಿ ಬಿಳಚಿಕೊಂಡಿದೆ’ ಅಂದರು. ನಮ್ಮ ಹಿರಿಯ ಟೆಕ್ನಿಷಿಯನ್ ಏನೂ ಮಾತಾಡಲಿಲ್ಲ. ಬಗ್ಗಿ ಶಿಲ್ಪದ ಬುಡಕ್ಕೆ ಕೆನ್ನೆ ಒತ್ತಿ ನಿಂತರು. ಆಮೇಲೆ ಕಲಾವಿದೆಗೂ ಹಾಗೇ ಮಾಡಲು ಹೇಳಿದರು. ತಣ್ಣಗಿತ್ತು. ತಣ್ಣಗಿದ್ದರೆ ಒಳಗಿನಿಂದ ನೀರು ಇನ್ನೂ ಆರುತ್ತಿದೆ ಅಂತ ಅರ್ಥ. ಅದನ್ನು ಕಿಲ್ನ್‌ಗೆ ಇಟ್ಟು ಬಿಸಿ ಏರಿಸಿದರೆ, 100 ಡಿಗ್ರಿ ದಾಟುತ್ತಿದ್ದ ಹಾಗೆ ಆ ನೀರು ಆವಿಯಾಗಿ, ಹೊರಬರಲು ದಾರಿ ಸಿಗದೆ, ಗೋಡೆಯನ್ನೇ ಒಡೆದುಕೊಂಡು ಬರುತ್ತದೆ. ಕುಂಬಾರನಿಗೆ ವರುಷ ದೊಣ್ಣೆಗೆ ನಿಮಿಷ ಅಂತಾರಲ್ಲ, ಇಲ್ಲಿ ದೊಣ್ಣೆಯೂ ಬೇಕಾಗಿಲ್ಲ. ಅದು ಒಂದೇ ಒಡೆದರೆ ಪರವಾಗಿಲ್ಲ, ಪಕ್ಕದ ಶೆಲ್ಫ್‌ನಲ್ಲಿರುವ ಬೇರೆಯವರ ಕೆಲಸಕ್ಕೂ ಚೂರು ಸಿಡಿಯುತ್ತದೆ.

‘ಈ ವಾರ ಆಗಲ್ಲ’ ಅಂದರು ಹಿರಿಯ ಟೆಕ್ನಿಷಿಯನ್. ಕಲಾವಿದೆಗೆ ಸಿಟ್ಟು ಬಂತು, ಡೈರೆಕ್ಟರ್ ಹತ್ತಿರ ಹೋದರು. ಡೈರೆಕ್ಟರ್ ಹೇಳಿದ್ದು ಇಷ್ಟೇ: ‘ಕಿಲ್ನ್ ವಿಷಯದಲ್ಲಿ ನನ್ನ ಮಾತು ನಡೆಯಲ್ಲ.’ ಶಿಲ್ಪ ಅಲ್ಲೇ ಉಳಿಯಿತು. ಪೂರ್ತಿ ಒಣಗಿದ ಮೇಲೆ ಸುಟ್ಟು, ಪ್ಯಾಕ್ ಮಾಡಿ ಕಳಿಸಿದೆವು. ಚೆನ್ನಾಗಿ ನಡೆಯುವ ಕೇಂದ್ರ ಯಾವುದು ಅಂತ ಯಾರಾದರೂ ಕೇಳಿದರೆ ನಾನು ಡೈರೆಕ್ಟರ್ ಆಡಿದ ಆ ಮಾತನ್ನೇ ಹೇಳುತ್ತೇನೆ.

ಹಾಗಾದರೆ ಡೈರೆಕ್ಟರ್‌ಗೆ ಏನು ಕೆಲಸ? ಮುಖ್ಯವಾಗಿ ದುಡ್ಡು ಹೊಂದಿಸುವುದು, ಜನರನ್ನು ಆರಿಸುವುದು. ಅನುದಾನದ ಅರ್ಜಿ, ದಾನಿಗಳು, ಹರಾಜು, ಆಡಳಿತ ಮಂಡಳಿಯ ಮೀಟಿಂಗ್. ಅರ್ಜಿ ಹಾಕಿದವರಲ್ಲಿ ಯಾರನ್ನು ಕರೆಯಬೇಕು ಅಂತ ಆಯ್ಕೆ ಸಮಿತಿ ಜೊತೆ ಕೂರುವುದು. ಪ್ರತಿಭೆ ಅರ್ಜಿಯ ಫೋಟೋಗಳಲ್ಲೇ ಕಾಣುತ್ತದೆ. ಆ ಮನುಷ್ಯ ಇನ್ನೊಬ್ಬರ ಜೊತೆ ಒಂದೇ ಸಿಂಕ್, ಒಂದೇ ಅಡುಗೆಮನೆ ಹಂಚಿಕೊಂಡು ಇರುತ್ತಾನಾ ಅನ್ನುವುದು ಫೋಟೋದಲ್ಲಿ ಕಾಣಲ್ಲ ನೋಡಿ. ಕಷ್ಟ ಇರುವುದು ಅಲ್ಲೇ. ಇನ್ನೊಂದು, ಎಷ್ಟೋ ಡೈರೆಕ್ಟರ್‌ಗಳು ಮೂಲತಃ ಕಲಾವಿದರು, ಆದರೆ ಅವರ ಸ್ವಂತ ಕೆಲಸಕ್ಕೆ ಸಮಯವೇ ಸಿಗಲ್ಲ. ಪ್ಲಾಸ್ಟಿಕ್ ಸುತ್ತಿಟ್ಟ ಅರೆಬರೆ ಪಾತ್ರೆಗಳು ಆಫೀಸಿನ ಮೂಲೆಯಲ್ಲೇ ಗಟ್ಟಿಯಾಗಿ ಹೋಗಿರುತ್ತವೆ. ಈ ಹುದ್ದೆಗೆ ಹೋಗಬೇಕು ಅನ್ನುವವರಿಗೆ ನಾನು ಮೊದಲು ಕೇಳುವುದೇ ಇದನ್ನು: ವರ್ಷಗಟ್ಟಲೆ ಬೇರೆಯವರ ಕೆಲಸ ನೋಡಿಯೇ ಖುಷಿಪಡಲು ಆಗುತ್ತಾ?

ಇನ್ನು ಕಲಾವಿದರೇ ಆಗಿರಬೇಕಾ ಅನ್ನುವ ಪ್ರಶ್ನೆ. ಖಂಡಿತ ಬೇಕಿಲ್ಲ. ಅಮೆರಿಕದ ಮೊಂಟಾನಾದ ಹೆಲೆನಾದಲ್ಲಿರುವ ಆರ್ಚಿ ಬ್ರೇ ಫೌಂಡೇಶನ್ ಅನ್ನುವ ರೆಸಿಡೆನ್ಸಿ ಕೇಂದ್ರದ ಹೆಸರು ಈ ಕ್ಷೇತ್ರದಲ್ಲಿ ಕೇಳದವರಿಲ್ಲ. 1951ರಲ್ಲಿ ಅದನ್ನು ಶುರುಮಾಡಿದ ಆರ್ಚಿ ಬ್ರೇ ಇಟ್ಟಿಗೆ ಕಾರ್ಖಾನೆ ನಡೆಸುತ್ತಿದ್ದವರು. ಜೊತೆಗೆ ನಿಂತ ಪೀಟರ್ ಮೆಲಾಯ್ ವಕೀಲರು. ಮೊದಲು ಬಂದ ಕಲಾವಿದರು ಪೀಟರ್ ವೌಲ್ಕೋಸ್ ಮತ್ತು ರೂಡಿ ಆಟಿಯೊ. ಶುರುವಿನಲ್ಲಿ ಅವರು ಕಾರ್ಖಾನೆಯ ಕೆಲಸವನ್ನೂ ಮಾಡಿಕೊಂಡು, ಬಿಡುವಾದಾಗ ತಮ್ಮ ಮಣ್ಣಿನ ಕೆಲಸ ಮಾಡುತ್ತಿದ್ದರು. ಬ್ರೇ 1953ರಲ್ಲೇ ತೀರಿಕೊಂಡರು, ಕೇಂದ್ರ ಮಾತ್ರ ಇವತ್ತಿಗೂ ಇದೆ. ಕಲಾವಿದರಿಗೆ ಬೇಕಾದ ಮಣ್ಣು, ಸಲಕರಣೆ ಮಾರುವ ವ್ಯಾಪಾರವೂ ಅದಕ್ಕಿದೆ. ಇಟ್ಟಿಗೆ ವ್ಯಾಪಾರಿಯ ಬುದ್ಧಿ ಅಂದರೆ ಇದೇ ಅಲ್ವಾ!

ಎಲ್ಲ ಕಡೆ ಒಂದೇ ಪದ್ಧತಿ ಇಲ್ಲ. ಜಪಾನಿನ ಶಿಗಾರಾಕಿ ಸೆರಾಮಿಕ್ ಕಲ್ಚರಲ್ ಪಾರ್ಕ್ 1990ರಲ್ಲಿ ತೆರೆದದ್ದು, ಶಿಗಾ ಪ್ರಾಂತ್ಯದ್ದು, ಹಾಗಾಗಿ ಅಲ್ಲಿ ಸರ್ಕಾರದ ಪಾತ್ರ ದೊಡ್ಡದು. ನೆದರ್ಲೆಂಡ್ಸಿನ ಯುರೋಪಿಯನ್ ಸೆರಾಮಿಕ್ ವರ್ಕ್‌ಸೆಂಟರ್ ಮಣ್ಣಿನ ಅನುಭವವೇ ಇಲ್ಲದ ಕಲಾವಿದರು, ಡಿಸೈನರ್‌ಗಳು, ಆರ್ಕಿಟೆಕ್ಟ್‌ಗಳನ್ನೂ ಕರೆಯುತ್ತದೆ. ಬಂದವರಿಗೆ ಏನೂ ಗೊತ್ತಿಲ್ಲ ಅಂದಮೇಲೆ ಅಲ್ಲಿನ ಸಲಹೆಗಾರರ ಕೆಲಸ ಎಷ್ಟಿರಬೇಡ, ನೀವೇ ಲೆಕ್ಕ ಹಾಕಿ.

ಯಾರೂ ಹೇಳದ ಕೆಲಸ ಒಂದಿದೆ: ದೂಳು. ಒಣ ಜೇಡಿಮಣ್ಣಿನ ದೂಳಿನಲ್ಲಿ ಸಿಲಿಕಾ ಇರುತ್ತದೆ, ವರ್ಷಾನುಗಟ್ಟಲೆ ಉಸಿರಲ್ಲಿ ಹೋದರೆ ಶ್ವಾಸಕೋಶಕ್ಕೆ ಸಿಲಿಕೋಸಿಸ್ ಅನ್ನುವ ಕಾಯಿಲೆ ಬರಬಹುದು, ಅದಕ್ಕೆ ಗುಣವಿಲ್ಲ. ಆದ್ದರಿಂದ ಸ್ಟುಡಿಯೋದಲ್ಲಿ ಒಣ ಪೊರಕೆ ಹಿಡಿಯುವ ಹಾಗಿಲ್ಲ, ಒದ್ದೆ ಬಟ್ಟೆಯಲ್ಲೇ ಒರೆಸಬೇಕು. ಅದನ್ನು ಬಂದವರಿಗೆಲ್ಲ ಮೊದಲ ದಿನವೇ ಹೇಳಬೇಕು, ಎರಡನೇ ದಿನ ಮತ್ತೆ ಹೇಳಬೇಕು. ಪೊರಕೆಯನ್ನೇ ಬಚ್ಚಿಡುವುದು ಸುಲಭ. ನಾವು ಬಚ್ಚಿಟ್ಟಿದ್ದೆವು! ಸಿಂಕ್ ಕೆಳಗೆ ಮಣ್ಣು ತಂಗುವ ಟ್ರ್ಯಾಪ್ ಬಳಿದು ಖಾಲಿ ಮಾಡುವುದು, ಶೆಲ್ಫ್ ಮೇಲೆ ಇಳಿದು ಅಂಟಿಕೊಂಡ ಗ್ಲೇಜ್ ಕೆರೆಯುವುದು, ಹೆಸರು ಬರೆಯದೆ ಬಿಟ್ಟುಹೋದ ಬಕೆಟ್‌ನಲ್ಲಿ ಏನಿದೆ ಅಂತ ಪತ್ತೆ ಹಚ್ಚುವುದು, ಇವೂ ಅದೇ ಸಾಲಿಗೆ ಸೇರುತ್ತವೆ.

ನಿಮಗೆ ಆಸೆ ಇದ್ದರೆ ಸುಮ್ನೆ ಡೈರೆಕ್ಟರ್ ಹುದ್ದೆಯ ಕನಸು ಕಾಣುತ್ತಾ ಕೂರಬೇಡಿ. ಟೆಕ್ನಿಷಿಯನ್ ಸಹಾಯಕರಾಗಿ ಸೇರಿಕೊಳ್ಳಿ. ಲೆಕ್ಕಪತ್ರ ಬರುತ್ತದೆ, ಅರ್ಜಿ ಬರೆಯುವ ಕೈ ಇದೆ ಅನ್ನುವುದಾದರೆ ಆಫೀಸಿನ ಕಡೆಯಿಂದಲೂ ಒಳಗೆ ಹೋಗಬಹುದು, ಅಂಥವರು ಸಿಗುವುದೇ ಕಷ್ಟ. ಆದರೂ ಒಂದೆರಡು ಸಲ ಕಿಲ್ನ್ ತುಂಬುವುದರಿಂದ ಇಳಿಸುವ ತನಕ ಜೊತೆಗಿರಿ. ಸಂದರ್ಶನಕ್ಕೆ ಹೋದಾಗ ಕಿಲ್ನ್ ಲಾಗ್‌ಬುಕ್ ತೋರಿಸ್ತೀರಾ ಅಂತ ಕೇಳಿ. ಪ್ರತಿ ಸಲ ಸುಟ್ಟ ತಾರೀಖು, ತಾಪ, ಯಾರು ಇಟ್ಟಿದ್ದು, ಏನು ಕೆಟ್ಟಿತು ಅಂತ ಬರೆದಿದ್ದರೆ ಧೈರ್ಯವಾಗಿ ಸೇರಿ. ಪುಸ್ತಕವೇ ಇಲ್ಲ ಅಂದರೆ, ಆ ಪುಸ್ತಕ ಶುರುಮಾಡುವ ಕೆಲಸ ನಿಮ್ಮ ತಲೆಗೇ ಬರುತ್ತದೆ ಅಂತ ತಿಳಿದೇ ಒಪ್ಪಿಕೊಳ್ಳಿ.