ನಿನ್ನೆ ಎಷ್ಟು ಸೆಂಟು ಮಳೆ ಬಂತು?

ಪ್ರಿಯ ಓದುಗರೇ,

ಕೊಡಗಿನ ಭಾಗಮಂಡಲದ ಹತ್ತಿರದ ಊರಿನಿಂದ ನೀವು ಬರೆದ ಪತ್ರ ತಲುಪಿದೆ. ಹೆಸರು ಬೇಡ ಎಂದಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗೂ ವಿಷಯ ತಿಳಿಯಲೆಂದು ಪತ್ರದ ಸಾರ ಹೇಳಿಬಿಡುತ್ತೇನೆ. ನಿಮಗೆ 27 ವರ್ಷ. ಮಡಿಕೇರಿಯಲ್ಲಿ ಕೆಲಸ, ದಿನಾ ಬಸ್ಸಿನ ಓಡಾಟ. ಮನೆಯಲ್ಲಿ ಅಪ್ಪ, ಅಮ್ಮ, ಅಜ್ಜಿ, ನಾಲ್ಕು ಎಕರೆ ರೋಬಸ್ಟಾ ತೋಟ. ಇಂಗ್ಲಿಷ್ ರೂಢಿಯಾಗಲೆಂದು ಶುರು ಮಾಡಿದ ಪತ್ರ ವ್ಯವಹಾರದಲ್ಲಿ ಇಟಲಿಯ ಟ್ಯೂರಿನ್ ನಗರದ ನಿವೃತ್ತ ಶಿಕ್ಷಕಿಯೊಬ್ಬರು ಗೆಳತಿಯಾಗಿದ್ದಾರೆ. ಅಬ್ಬಿ ಜಲಪಾತ, ರಾಜಾಸೀಟು, ಮಾಂದಲಪಟ್ಟಿಯ ಮಂಜು, ದುಬಾರೆಯ ಆನೆ, ಎಲ್ಲದರ ಫೋಟೋ ಕಳಿಸಿ ಮುಗಿದಿದೆ. ಈಗ ಅವರು, "ಎಲ್ಲ ಚೆನ್ನಾಗಿದೆ, ಆದರೆ ನಿನ್ನೆ ನೀನು ಏನು ಮಾಡಿದೆ?" ಎಂದು ಕೇಳಿದ್ದಾರೆ. ಅದಕ್ಕೆ ನಿಮ್ಮ ಕಷ್ಟ ನಿಮ್ಮ ಮಾತಿನಲ್ಲೇ: "ನಿನ್ನೆ ಏನೂ ಮಾಡಿಲ್ಲ ಸರ್. ಎದ್ದೆ, ಕಾಫಿ ಕಾಯಿಸಿದೆ, ಅಪ್ಪನ ಮಳೆ ಪುಸ್ತಕದಲ್ಲಿ ಮಳೆ ಬರೆದೆ, ಬಸ್ಸಿಗೆ ಓಡಿದೆ. ಇದನ್ನೆಲ್ಲ ಅವರಿಗೆ ಹೇಗೆ ಬರೆಯಲಿ?" ಇದರ ಜೊತೆಗೆ ನಿಮ್ಮ ದೊಡ್ಡಪ್ಪ, "ಗುಡ್ಡ ಕುಸಿದದ್ದು, ಲೈನ್ ಮನೆ ವಿಷಯ ಎಲ್ಲ ಹೊರದೇಶದವರಿಗೆ ಹೇಳಿ ಊರಿನ ಮಾನ ಕಳೆಯಬೇಡ" ಎಂದು ಗದರಿದ್ದಾರೆ. ಲೈನ್ ಮನೆ ಎಂದರೆ ತೋಟದ ಕೆಲಸಗಾರರು ಇರುವ ಸಾಲು ಮನೆ.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೂರು ಸಲವೂ ಮಳೆ ಪುಸ್ತಕದ ಹತ್ತಿರ ನಿಂತುಬಿಟ್ಟೆ. ಏನೂ ಮಾಡಿಲ್ಲ ಎಂದು ಶುರು ಮಾಡಿ, ಟ್ಯೂರಿನ್‌ಗೆ ಬರೆಯಬೇಕಾದ ಕಾಗದವನ್ನು ನೀವು ನನಗೆ ಬರೆದುಬಿಟ್ಟಿದ್ದೀರಿ.

ಒಮ್ಮೆ ಹೊರಗಿನವರ ಕಣ್ಣಿಂದ ನೋಡಿ. ಜಗತ್ತಿನ ಎಷ್ಟು ಮನೆಗಳಲ್ಲಿ ಬೆಳಿಗ್ಗೆ ಎದ್ದವರು ಮೊದಲು ಅಂಗಳಕ್ಕಿಳಿದು, ಮಳೆ ಮಾಪಕದ ನೀರನ್ನು ಗಾಜಿನ ಅಳತೆ ಕೊಳವೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಒಳಗೆ ಬಂದು ಪುಸ್ತಕದಲ್ಲಿ ತಾರೀಕಿನ ಮುಂದೆ ಬರೆದಿಡುತ್ತಾರೆ? ಅದೂ ನಮ್ಮದೇ ಲೆಕ್ಕದಲ್ಲಿ. ರೇಡಿಯೋ, ಪತ್ರಿಕೆಗಳೆಲ್ಲ ಮಿಲಿಮೀಟರ್ ಎಂದರೂ ತೋಟದವರ ಬಾಯಲ್ಲಿ ಇಂದಿಗೂ ಇಂಚು ಮತ್ತು ಸೆಂಟು. ನೂರು ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಮಾರ್ಚ್ ತಿಂಗಳಲ್ಲಿ ಒಂದು ಸಂಜೆ ಗುಡುಗಿತೋ, ಮರುದಿನ ಬೆಳಿಗ್ಗೆ ಜಿಲ್ಲೆಯ ಫೋನುಗಳೆಲ್ಲ ಒಂದೇ ಮಾತಾಡುತ್ತವೆ: "ನಿಮ್ಮಲ್ಲಿ ಎಷ್ಟು?" ಒಬ್ಬರಿಗೆ ಒಂದು ಇಂಚು, ಹೊಳೆ ಆಚೆಯವರಿಗೆ ಇಪ್ಪತ್ತೇ ಸೆಂಟು. ಇಂಚು ಬಂದವರ ತೋಟ ಎಂಟು ಹತ್ತು ದಿನಕ್ಕೆ ಬೆಳ್ಳಗೆ ಅರಳಿ, ಮಲ್ಲಿಗೆಯಂಥ ಪರಿಮಳ ಮನೆಯೊಳಗೆ ಬರುತ್ತದೆ. ಇಪ್ಪತ್ತು ಸೆಂಟಿಗೆ ನಿಂತವರ ಮೊಗ್ಗು ಸರಿಯಾಗಿ ಅರಳದೆ ಕೆಡುವ ಭಯ. ಅವರು ಅದೇ ದಿನ ಕೆರೆಗೆ ಮೋಟಾರ್ ಇಳಿಸಿ ಸ್ಪ್ರಿಂಕ್ಲರ್ ಪೈಪು ಎಳೆಯುತ್ತಾರೆ. ಆ ಪುಸ್ತಕದ ಎರಡಂಕಿಯ ಮೇಲೆ ಒಂದು ಮನೆಯ ಇಡೀ ವರ್ಷ ನಿಂತಿರುತ್ತದೆ. ನಿಮಗೆ ಇದು ಹಲ್ಲುಜ್ಜಿದಷ್ಟೇ ಸಾಮಾನ್ಯ. ಆದರೆ ಟ್ಯೂರಿನ್‌ನ ಆ ತಾಯಿ ಕೇಳಿದ್ದು ಸರಿಯಾಗಿ ಇದನ್ನೇ.

ಇದಕ್ಕೂ ಅವರಿಗೂ ಒಂದು ನಂಟಿದೆ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಬೆಳೆಯುವುದು ನಮ್ಮ ಪುಟ್ಟ ಜಿಲ್ಲೆಯಲ್ಲಿ. ದೇಶದ ಕಾಫಿಯ ಹೆಚ್ಚಿನ ಪಾಲು ಹೊರದೇಶಕ್ಕೆ ಹೋಗುತ್ತದೆ, ಅದನ್ನು ಕೊಳ್ಳುವವರಲ್ಲಿ ಇಟಲಿ ಮುಂದಿನ ಸಾಲಿನಲ್ಲಿದೆ. ಅವರ ಎಸ್ಪ್ರೆಸೊ ಮೇಲೆ ದಪ್ಪ ನೊರೆ ನಿಲ್ಲಲೆಂದು ರೋಬಸ್ಟಾ ಬೆರೆಸುವುದುಂಟು. ಹಾಗೆಂದು "ನೀವು ಕುಡಿಯುವುದು ನಮ್ಮ ತೋಟದ್ದೇ" ಎಂದು ಬರೆಯಲಾಗದು, ಚೀಲ ಗೇಟು ದಾಟಿದ ಮೇಲೆ ಯಾವ ಬೀಜ ಯಾವ ಬಟ್ಟಲಿಗೆ ಹೋಯಿತೆಂದು ಯಾರು ಬಲ್ಲರು? ನಿಮ್ಮ ಅಜ್ಜಿಯ ಕಾಫಿಯ ಬಗ್ಗೆ ಮಾತ್ರ ಧಾರಾಳವಾಗಿ ಬರೆಯಿರಿ. ಒಲೆಯ ಮೇಲೆ ನೀರು ಕುದಿಸಿ ಪುಡಿ ಹಾಕಿ, ಬೆಲ್ಲ ಕರಗಿಸಿ, ಹಾಲಿಲ್ಲದೆ ದೊಡ್ಡ ಲೋಟದಲ್ಲಿ ಕುಡಿಯುವ ನಮ್ಮ ಬೆಲ್ಲದ ಕಾಫಿಯನ್ನು, ಎರಡು ಗುಟುಕಿನ ಎಸ್ಪ್ರೆಸೊ ಕುಡಿಯುವವರು ಕಲ್ಪಿಸಿಕೊಳ್ಳಲಿ.

ನನ್ನದೇ ಒಂದು ಅನುಭವ ಹೇಳುತ್ತೇನೆ. ಕಾಲೇಜಿನಲ್ಲಿದ್ದಾಗ ಫಿನ್ಲೆಂಡಿನ ಒಬ್ಬ ಹುಡುಗ ನನಗೆ ಪತ್ರ ಮಿತ್ರ. ನೀಲಿ ಏರೋಗ್ರಾಮ್‌ಗಳ ಕಾಲ ಅದು. ಜುಲೈ ತಿಂಗಳ ತೇವಕ್ಕೆ ಅದರ ಅಂಚಿನ ಗೋಂದು ತನ್ನಷ್ಟಕ್ಕೇ ಅಂಟಿಕೊಂಡುಬಿಡುತ್ತಿತ್ತು, ಬರೆಯುವ ಮೊದಲೇ ಬಿಡಿಸಿಕೊಳ್ಳಬೇಕು. "ಇಲ್ಲಿ ಮೂರು ತಿಂಗಳು ಜೋರು ಮಳೆ" ಎಂದು ಬರೆದೆ. ಅವನು, "ಹಾಗಾದರೆ ಬಟ್ಟೆ ಎಲ್ಲಿ ಒಣಗಿಸುತ್ತೀರಿ?" ಎಂದು ಕೇಳಿದ. ಒಲೆಯ ಮೇಲಿನ ಅಟ್ಟಕ್ಕೆ ಬಿದಿರಿನ ಗಳ ಕಟ್ಟಿ ಯೂನಿಫಾರಂ ನೇತುಹಾಕುತ್ತಿದ್ದದ್ದು, ತೊಟ್ಟಿಲ ಮಗುವಿನ ಬಟ್ಟೆಗೆ ಅಜ್ಜಿ ಕೆಂಡದ ಮೇಲೆ ಬುಟ್ಟಿ ಕವುಚುತ್ತಿದ್ದದ್ದು, ತರಗತಿಯಲ್ಲಿ ಎಲ್ಲರ ಅಂಗಿಯಿಂದಲೂ ಹೊಗೆಯ ವಾಸನೆ ಬರುತ್ತಿದ್ದದ್ದು, ಎಲ್ಲ ಬರೆದೆ. ಅವನಿಂದ ಬಂದ ಉತ್ತರ ಅಲ್ಲಿಯವರೆಗಿನ ಪತ್ರಗಳಲ್ಲೇ ಉದ್ದದ್ದು. ಅವರ ಊರಲ್ಲಿ ಚಳಿಗಾಲಕ್ಕೆ ಹೊರಗೆ ಹರವಿದ ಅಂಗಿ ಹಲಗೆಯ ಹಾಗೆ ಸೆಟೆದು ನಿಲ್ಲುತ್ತದಂತೆ, ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಅಮ್ಮ ಒಳಗೆ ತರುತ್ತಾರಂತೆ. ಆ ಅಂಗಿ ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಇನ್ನು ಪದಗಳ ವಿಷಯ. ಕಾಫಿ ಹೂ ಅರಳಿಸುವ ಆ ಬೇಸಿಗೆ ಮಳೆಯನ್ನು ನೀವು "ಹೂಮಳೆ" ಎಂದು ಬರೆದದ್ದನ್ನು ಮೊಬೈಲು ಇಂಗ್ಲಿಷಿಗೆ ತಿರುಗಿಸಿ, ಅಲ್ಲಿಂದ ಅವರ ಮೊಬೈಲು ಇಟಾಲಿಯನ್‌ಗೆ ತಿರುಗಿಸಿ, ಕೊನೆಗೆ ಅವರು "ನಿಮ್ಮಲ್ಲಿ ಆಕಾಶದಿಂದ ಹೂ ಬೀಳುತ್ತದೆಯೆ?" ಎಂದು ಕೇಳಿದರೆಂದು ಬೇಸರ ಮಾಡಿಕೊಂಡಿದ್ದೀರಿ. ಬೇಸರ ಬೇಡ, ಅವರು ಕೇಳಿದರಲ್ಲ, ಅದು ದೊಡ್ಡದು. ಮುಂದಿನ ಸಲ ಆ ಪದವನ್ನು ಹಾಗೇ ಅವರ ಲಿಪಿಯಲ್ಲಿ ಬರೆದು, ಪಕ್ಕದಲ್ಲಿ ಆ ಮಳೆ ಏನು ಮಾಡುತ್ತದೆ ಎಂದು ಬರೆಯಿರಿ. ಕಾಚಂಪುಳಿಯದೂ ಅದೇ ಕಥೆ. ವಿನೆಗರ್ ಎಂದರೆ ಒಂದೇ ಪದಕ್ಕೆ ಕೆಲಸ ಮುಗಿಯುತ್ತದೆ, ಆದರೆ ಅದು ಕಾಚಂಪುಳಿ ಅಲ್ಲ. ಮಳೆಗಾಲದಲ್ಲಿ ಉದುರುವ ಹಣ್ಣನ್ನು ಬುಟ್ಟಿಯಲ್ಲಿ ಕೊಳೆಯಲು ಬಿಡುವುದು, ಕೆಳಗೆ ಪಾತ್ರೆಗೆ ಹನಿ ಹನಿಯಾಗಿ ಇಳಿದ ರಸವನ್ನು ಕಪ್ಪಗೆ ಮಂದವಾಗುವ ತನಕ ಕುದಿಸುವುದು, ಬಾಟಲಿಗೆ ತುಂಬಿ ವರ್ಷಗಟ್ಟಲೆ ಇಡುವುದು, ಹಂದಿ ಸಾರಿಗೆ ಕೊನೆಯಲ್ಲಿ ಒಂದು ಚಮಚ ಬಿಟ್ಟಾಗ ಇಡೀ ಪಾತ್ರೆಯ ಬಣ್ಣ ತಿರುಗುವುದು, ಇಷ್ಟನ್ನೂ ಬರೆಯಿರಿ. ಮಾಡುವ ಬಗೆ ಹೇಳಿದರೆ ವಸ್ತು ಅವರಿಗೆ ಗೊತ್ತಾಗುತ್ತದೆ.

ಹಂದಿ ಸಾರಿನ ಫೋಟೋ ನೋಡಿ "ಭಾರತೀಯರು ಸಸ್ಯಾಹಾರಿಗಳಲ್ಲವೆ?" ಎಂದು ಅವರು ಕೇಳಿದ್ದಾರಲ್ಲ, ಅಂಥ ಪ್ರಶ್ನೆಗೆ ಇಡೀ ದೇಶದ ಪರವಾಗಿ ಉತ್ತರ ಹೇಳುವ ಭಾರ ನಿಮ್ಮ ಮೇಲಿಲ್ಲ. "ನಮ್ಮ ಮನೆಯಲ್ಲಿ" ಎಂದು ಶುರು ಮಾಡಿ. ನಮ್ಮ ಮನೆಯಲ್ಲಿ ಹೀಗೆ, ಪಕ್ಕದ ಮನೆಯವರು ಮುಟ್ಟುವುದಿಲ್ಲ, ಮಾರ್ಕೆಟ್ಟಿನ ಸಾಬರ ಅಂಗಡಿಯಲ್ಲಿ ಇನ್ನೊಂದು ರೀತಿ. ನಿಮ್ಮದು ಅರೆಭಾಷೆ ಆಡುವ ಮನೆ, ಕೆಳಗಿನ ಮನೆಯಲ್ಲಿ ಕೊಡವ ತಕ್ಕ್, ಬಸ್‌ಸ್ಟ್ಯಾಂಡಿನಲ್ಲಿ ಮಲಯಾಳಂ, ತುಳು, ಬ್ಯಾರಿ. ಕುಶಾಲನಗರದಲ್ಲಿ ಕಾವೇರಿ ಸೇತುವೆ ದಾಟಿದರೆ, ದೇಶ ಬಿಟ್ಟು ಬಂದು 1960ರ ದಶಕದ ಆರಂಭದಲ್ಲಿ ನೆಲೆ ನಿಂತ ಟಿಬೆಟಿಯನ್ನರ ಬೈಲುಕುಪ್ಪೆ. ಅಲ್ಲಿನ ಅಜ್ಜಿಯರು ಕನ್ನಡದಲ್ಲೇ ಚೌಕಾಸಿ ಮಾಡುತ್ತಾರೆ. ಕೊಡಗು ಎಂದರೆ ಒಂದೇ ಉಡುಗೆ ಎಂದುಕೊಂಡ ಪ್ರವಾಸಿ ಪೋಸ್ಟರುಗಳಿಗೆ ಇದೆಲ್ಲ ಸಿಗುವುದಿಲ್ಲ, ನಿಮ್ಮ ಬಸ್ಸಿನ ಕಿಟಕಿಗೆ ಸಿಗುತ್ತದೆ.

ಕೋವಿಯ ಫೋಟೋ ಕಳಿಸುವಾಗ ಮಾತ್ರ ಎರಡು ಸಾಲು ಹೆಚ್ಚು ಬರೆಯಿರಿ. ಕೈಲ್‌ಪೊಳ್ದ್ ಹಬ್ಬಕ್ಕೆ ಹೂ ಮುಡಿಸಿ ಗೋಡೆಗೆ ಒರಗಿಸಿಟ್ಟ ಕೋವಿ ನಮಗೆ ದೇವರ ಕೋಣೆಯ ವಸ್ತು. ಸುದ್ದಿಯಲ್ಲಿ ಮಾತ್ರ ಬಂದೂಕು ಕಂಡವರಿಗೆ ಅದು ಭಯ. ಕೊಡವರಿಗೂ, ವಂಶಪಾರಂಪರ್ಯದ ಜಮ್ಮಾ ಜಮೀನು ಇರುವವರಿಗೂ ಆಯುಧ ಕಾಯ್ದೆಯ ಪರವಾನಗಿಯಿಂದ ವಿನಾಯಿತಿ ಇರುವುದು, ನಾಟಿ ಕೆಲಸ ಮುಗಿಸಿ ಆಯುಧ ತೊಳೆದಿಡುವ ಹಬ್ಬ ಅದೆನ್ನುವುದು, ಅದಕ್ಕೆ ಮುಡಿಸುವ ತೋಕ್‌ಪೂ ಆ ಹೊತ್ತಿಗೇ ಬೇಲಿಯಲ್ಲಿ ಅರಳುವುದು, ಇಷ್ಟು ತಿಳಿದರೆ ಅವರ ನೋಟ ಬೇರೆಯಾಗುತ್ತದೆ.

ಈಗ ನಿಮ್ಮ ದೊಡ್ಡಪ್ಪನ ಮಾತಿಗೆ ಬರುತ್ತೇನೆ. ಅವರ ಕಾಳಜಿ ನನಗೆ ಅರ್ಥವಾಗುತ್ತದೆ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು ಕಡೆ ಗುಡ್ಡಗಳು ಇಳಿದ ದೃಶ್ಯ ದೇಶವೆಲ್ಲ ನೋಡಿತು. ಆಮೇಲೆ ಎಷ್ಟೋ ತಿಂಗಳು ನಮ್ಮ ಪರಿಚಯ ಕೇಳಿದವರೆಲ್ಲ ಮೊದಲು ಅದನ್ನೇ ಎತ್ತುತ್ತಿದ್ದರು. ನೋವನ್ನು ಪ್ರದರ್ಶನಕ್ಕಿಡುವುದು ಯಾರಿಗೂ ಇಷ್ಟವಿಲ್ಲ. ಆದರೂ ಇಲ್ಲಿ ನಾನು ನಿಮ್ಮ ಪರ. ನೀವು ಬರೆದ ಒಂದು ಸಾಲು ಇದೆ: "ಆ ವರ್ಷದಿಂದ ಅಜ್ಜಿ ಜೋರು ಮಳೆಯ ರಾತ್ರಿ ಮಲಗುವುದಿಲ್ಲ, ಟಾರ್ಚ್ ಹಿಡಿದು ಚಾವಡಿಯಲ್ಲಿ ಕೂತಿರುತ್ತಾರೆ." ಇದರಲ್ಲಿ ಯಾವ ಮಾನ ಹೋಗುತ್ತದೆ? ಅವರ ಟ್ಯೂರಿನ್ ಇರುವುದು ಆಲ್ಪ್ಸ್ ಬುಡದ ಪಿಯೆಮೊಂತೆ ಪ್ರಾಂತ್ಯದಲ್ಲಿ. 1994ರ ನವೆಂಬರಿನಲ್ಲಿ ಅಲ್ಲಿನ ಹೊಳೆಗಳು ಉಕ್ಕಿ ಊರೂರೇ ಮುಳುಗಿದ್ದವು, ಅನೇಕರು ಸತ್ತರು. ನಿವೃತ್ತ ಶಿಕ್ಷಕಿ ಎಂದ ಮೇಲೆ ಅವರಿಗೆ ಅದು ನೆನಪಿದ್ದೇ ಇರುತ್ತದೆ. ಟಾರ್ಚ್ ಹಿಡಿದು ಕೂತ ಅಜ್ಜಿಯನ್ನು ಅವರು ಬೇಗ ಗುರುತಿಸುತ್ತಾರೆ.

ಲೈನ್ ಮನೆಯ ವಿಷಯ ಸ್ವಲ್ಪ ಬೇರೆ. ಅಜ್ಜಿ ನಿಮ್ಮವರು, ಲೈನ್ ಮನೆಯಲ್ಲಿರುವವರ ಬದುಕು ಅವರದು. ಮುಚ್ಚಿಡಿ ಎನ್ನುತ್ತಿಲ್ಲ. ನಿಮ್ಮ ತೋಟದ ಹಣ್ಣನ್ನು ಕೊಯ್ಯುವ ಕೈಗಳಿಲ್ಲದೆ ಆ ಕಾಫಿಯ ಕಥೆ ಅರ್ಧ. ಆದರೆ ಅವರನ್ನು ಕೇಳದೆ ಅವರ ಮನೆಯ ಬಾಗಿಲು, ಮಕ್ಕಳ ಮುಖ ಫೋಟೋ ತೆಗೆದು ಕಳಿಸಬೇಡಿ. ಕೇಳಿ ನೋಡಿ, ಅವರಿಗೂ ಹೇಳಲಿಕ್ಕಿರುತ್ತದೆ. ಕಳೆದ ಜನವರಿಯಲ್ಲಿ ಗೆಳೆಯರ ತೋಟದಲ್ಲಿ ಅಸ್ಸಾಮಿನಿಂದ ಬಂದ ಒಬ್ಬ ಹುಡುಗ ಊಟದ ಬಿಡುವಿನಲ್ಲಿ ವಿಡಿಯೋ ಕರೆ ಮಾಡಿದ್ದನ್ನು ನೋಡಿದೆ. ಅಂಗೈ ತುಂಬ ಕೆಂಪು ಹಣ್ಣು ಇಟ್ಟುಕೊಂಡು, ಒಂದನ್ನು ಹಿಸುಕಿ ಒಳಗಿನ ಎರಡು ಬೇಳೆ ಅಮ್ಮನಿಗೆ ತೋರಿಸುತ್ತಿದ್ದ. ಆ ತಾಯಿಗೆ ಕೊಡಗು ಎಂದರೆ ಆ ಅಂಗೈ.

ದೊಡ್ಡಪ್ಪನಿಗೆ ಇನ್ನೂ ಒಂದು ಮಾತು ಹೇಳಬಹುದು. ನಮ್ಮೂರಿನ ಸುದ್ದಿ ಹೊರದೇಶಕ್ಕೆ ಹೋಗುವುದು ಹೊಸದಲ್ಲ. 1843ರಲ್ಲಿ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ಶುರು ಮಾಡಿದ ಜರ್ಮನ್ ಪಾದ್ರಿ ಹರ್ಮನ್ ಮೊಗ್ಲಿಂಗ್, 1850ರ ದಶಕದಲ್ಲಿ ಕೊಡಗಿಗೆ ಬಂದು ನೆಲೆಸಿ, 1855ರಲ್ಲೇ ನಮ್ಮ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಪ್ರಕಟಿಸಿದರು. ಆಗ ನಮ್ಮ ಅಡುಗೆಮನೆಯ ಹೆಂಗಸರನ್ನು ಯಾರೂ "ನಿನ್ನೆ ಏನು ಮಾಡಿದಿರಿ?" ಎಂದು ಕೇಳಿ ಬರೆದುಕೊಳ್ಳಲಿಲ್ಲ. ಈಗ ಆ ಪ್ರಶ್ನೆ ನೇರವಾಗಿ ನಿಮಗೇ ಬಂದಿದೆ.

ಎಚ್ಚರಿಕೆಯ ಮಾತು ಎರಡು. ನಿಮ್ಮ ಗೆಳತಿಯ ಬಗ್ಗೆ ಸಂಶಯ ಪಡುತ್ತಿಲ್ಲ, ಓದುವ ಎಲ್ಲರಿಗೂ ಹೇಳುತ್ತಿದ್ದೇನೆ. ಹೊರದೇಶದ ಸ್ನೇಹಿತರ ಹೆಸರಿನಲ್ಲಿ ಉಡುಗೊರೆಯ ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ನಿಂತಿದೆ, ಹಣ ಕಟ್ಟಿ ಎಂದು ಕರೆ ಬಂದರೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಇನ್ನು ಅವರು ಒಂದು ದಿನ ನಿಜವಾಗಿಯೂ ಬಂದು ನಿಮ್ಮ ಮನೆಯಲ್ಲೇ ಉಳಿದರೆ, ವಿದೇಶಿ ಅತಿಥಿಯ ವಿವರವನ್ನು 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಸಲ್ಲಿಸುವುದು ಮನೆಯವರ ಹೊಣೆ. ಬೈಲುಕುಪ್ಪೆಯಲ್ಲಿ ರಾತ್ರಿ ತಂಗುವುದಾದರೆ ಅವರಿಗೆ ಬೇರೆ ಅನುಮತಿ ಬೇಕು, ಅದಕ್ಕೆ ಮೊದಲೇ ಅರ್ಜಿ ಹಾಕಬೇಕಾಗುತ್ತದೆ.

ನೀವೂ ಅವರನ್ನು ಕೇಳಿ. ನಿಮ್ಮ ಪತ್ರದ ತುಂಬ ಅವರ ಪ್ರಶ್ನೆಗಳಿವೆ, ನೀವು ಕೇಳಿದ್ದು ಒಂದೂ ಕಾಣಲಿಲ್ಲ. ನಾವು ಹತ್ತಕ್ಕೆ ಹಾಸಿಗೆ ಸೇರುವಾಗ ಬೇಸಿಗೆಯಲ್ಲಿ ಅಲ್ಲಿ ಸಂಜೆ ಆರೂವರೆ. ಆ ಹೊತ್ತಿಗೆ ಅವರ ಬೀದಿಯಲ್ಲಿ ಯಾವ ಸದ್ದು? ಒಬ್ಬರೇ ಇದ್ದರೆ ಅಡುಗೆ ಎಷ್ಟು ಮಾಡಿಕೊಳ್ಳುತ್ತಾರೆ? ಹಳೆಯ ವಿದ್ಯಾರ್ಥಿಗಳು ಸಿಕ್ಕರೆ ಗುರುತು ಹಿಡಿಯುತ್ತಾರೆಯೆ? ಆಗಸ್ಟ್ 3ಕ್ಕೆ ಕಕ್ಕಡ ಹದಿನೆಂಟು, ಅಂದರೆ ಕಕ್ಕಡ ತಿಂಗಳ ಹದಿನೆಂಟನೇ ದಿನ, ಮದ್ದು ಸೊಪ್ಪು ತಿನ್ನುವ ದಿನ ಬರುತ್ತಿದೆ. ಮದ್ದು ಸೊಪ್ಪಿನ ಪಾಯಸದ ಕಡು ನೇರಳೆ ಬಣ್ಣದ ಬಗ್ಗೆ ಬರೆಯಲು ಅಕ್ಕ ನಗುತ್ತಾಳೆಂದು ಹಿಂಜರಿದಿದ್ದೀರಿ. ಬರೆಯಿರಿ, ಮರುದಿನ ಮೂತ್ರ ಕೆಂಪಾಗುವುದನ್ನೂ ಸೇರಿಸಿ. ಅವರ ಅಜ್ಜಿ ವರ್ಷಕ್ಕೊಮ್ಮೆ ಕಡ್ಡಾಯ ಮಾಡಿ ಕುಡಿಸುತ್ತಿದ್ದ ಮದ್ದು ಯಾವುದಿತ್ತೆಂದು ಅದೇ ಪತ್ರದಲ್ಲಿ ಕೇಳಿಬಿಡಿ.

ಅವರ ಉತ್ತರ ಬಂದರೆ, ಅವರು ಒಪ್ಪಿದರೆ, ಒಂದೆರಡು ಸಾಲು ನಮಗೂ ಕಳಿಸಿ. ಮತ್ತೊಂದು ವಿಷಯ: ಪತ್ರದ ಮೇಲೆ ಜುಲೈ 9 ಎಂದು ತಾರೀಕು ಹಾಕಿದ್ದೀರಿ, ಆ ಬೆಳಿಗ್ಗೆ ಅಪ್ಪನ ಪುಸ್ತಕದಲ್ಲಿ ಎಷ್ಟು ಬರೆದಿರಿ ಎಂದು ಹೇಳಿಲ್ಲ. ನಮ್ಮ ಅಂಗಳದಲ್ಲಿ ಅಂದು ಮೂರು ಇಂಚು ನಲವತ್ತು ಸೆಂಟು. ನಿಮ್ಮಲ್ಲಿ ಎಷ್ಟು?

ಸಂಪಾದಕ