ಉಯ್ಯಾಲೆಯ ಕಾಲ, ಕತ್ತಿಯ ಕಾಲ

ಪ್ರಿಯ ಓದುಗರೇ,

ಕಳೆದ ಸಂಚಿಕೆಯಲ್ಲಿ ಫ್ರೆಂಚ್ ಕಲಾವಿದ ಫ್ರಾಗೊನಾರನ ‘ಉಯ್ಯಾಲೆ’ ಚಿತ್ರ ನೋಡಿ ನಿಮಗೆ ಸಿಟ್ಟು ಬಂದಿದೆ. "ರೊಕೊಕೊ ಅಂದರೆ ಅರಮನೆಯವರ ಚೆಲ್ಲಾಟ. ಕ್ರಾಂತಿ ಬಂದು ಅದನ್ನು ಗುಡಿಸಿ ಹಾಕಿತು. ನಿಯೋಕ್ಲಾಸಿಕಲ್ ಶೈಲಿ ಆ ಕ್ರಾಂತಿಯ ಕೂಸು. ಎರಡನ್ನೂ ಪಕ್ಕಪಕ್ಕ ಇಟ್ಟು ಹೊಗಳುವುದು ಯಾಕೆ?" ಎಂದು ಕೇಳಿದ್ದೀರಿ. ಶಾಲೆಯ ಮಕ್ಕಳಿಗೆ ಯಾವುದನ್ನು ತೋರಿಸಲಿ ಎಂದೂ ಕೇಳಿದ್ದೀರಿ. (ಹೊಸಬರಿಗೆ: ರೊಕೊಕೊ ಅಂದರೆ ಹದಿನೆಂಟನೇ ಶತಮಾನದ ಫ್ರಾನ್ಸಿನ ಹಗುರವಾದ, ಅಲಂಕಾರದ ಶೈಲಿ. ನಿಯೋಕ್ಲಾಸಿಕಲ್ ಅಂದರೆ ಹಳೇ ಗ್ರೀಕ್, ರೋಮನ್ ಕಲೆಯನ್ನು ಮಾದರಿಯಾಗಿ ಇಟ್ಟುಕೊಂಡ ಶೈಲಿ. ಕ್ರಾಂತಿ ಅಂದರೆ ಫ್ರೆಂಚ್ ಕ್ರಾಂತಿ.)

ಚೆಲ್ಲಾಟ ಅನ್ನೋದನ್ನು ಒಪ್ಪುತ್ತೇನೆ. ‘ಉಯ್ಯಾಲೆ’ 1767ರ ಸುಮಾರಿನದು. ಗುಲಾಬಿ ಉಡುಪಿನ ಹುಡುಗಿ ತೂಗುತ್ತಿದ್ದಾಳೆ. ಹಿಂದೆ ಕತ್ತಲಲ್ಲಿ ವಯಸ್ಸಾದವನೊಬ್ಬ ಹಗ್ಗ ಎಳೆಯುತ್ತಿದ್ದಾನೆ. ಮುಂದೆ ಪೊದೆಯಲ್ಲಿ ಬಿದ್ದುಕೊಂಡ ಯುವಕ ಅವಳ ಕಾಲನ್ನೇ ನೋಡುತ್ತಿದ್ದಾನೆ. ಅವಳ ಚಪ್ಪಲಿ ಗಾಳಿಯಲ್ಲಿ ಹಾರಿದೆ. ಆಗಿನ ಒಬ್ಬ ಬರಹಗಾರನ ದಿನಚರಿಯ ಪ್ರಕಾರ, ಒಬ್ಬ ಸಿರಿವಂತ ಮೊದಲು ಡ್ವಾಯೆನ್ ಎಂಬ ಕಲಾವಿದನ ಹತ್ತಿರ ಹೋಗಿದ್ದ. ತನ್ನ ಗೆಳತಿಯನ್ನು ಒಬ್ಬ ಬಿಷಪ್ ತೂಗುತ್ತಿರಬೇಕು ಅಂದ. ಚರ್ಚುಗಳಿಗೆ ಚಿತ್ರ ಬರೆಯುತ್ತಿದ್ದ ಡ್ವಾಯೆನ್ ಗಾಬರಿಯಾಗಿ ಫ್ರಾಗೊನಾರನ ಹೆಸರು ಹೇಳಿದ. ಚಿತ್ರದಲ್ಲಿ ಬಿಷಪ್ ಇಲ್ಲ ಬಿಡಿ.

ಆದರೆ ಕ್ರಾಂತಿಯ ಕೂಸು ಅಂದಿರಲ್ಲ, ಅಲ್ಲಿ ಇಸವಿಗಳು ಹೊಂದುವುದಿಲ್ಲ. ನಿಯೋಕ್ಲಾಸಿಕಲ್ ಶೈಲಿಯ ದೊಡ್ಡ ಹೆಸರಾದ ಜಾಕ್ ಲೂಯಿ ದಾವೀದ್ ‘ಹೊರೇಷಿಯರ ಪ್ರತಿಜ್ಞೆ’ಯನ್ನು ರೋಮಿನಲ್ಲಿ ಬರೆದದ್ದು 1784ರಲ್ಲಿ. ಪ್ಯಾರಿಸ್ಸಿನ ಪ್ರದರ್ಶನಕ್ಕೆ ಬಂದದ್ದು 1785ರಲ್ಲಿ. ಕ್ರಾಂತಿ ಶುರುವಾಗಿ ಬಾಸ್ಟೀಲ್ ಕೋಟೆ ಬಿದ್ದದ್ದು 1789ರಲ್ಲಿ. ಆ ಚಿತ್ರ ಮಾಡಿಸಿದ್ದು ಯಾರು ಗೊತ್ತೇ? ಹದಿನಾರನೇ ಲೂಯಿಯ ಸರ್ಕಾರ! ದೇಶಪ್ರೇಮ, ತ್ಯಾಗ ಕಲಿಸುವ ದೊಡ್ಡ ಚಿತ್ರಗಳು ಬೇಕೆಂದು ಹಣ ಕೊಟ್ಟದ್ದು ಅರಸನ ಖಜಾನೆ. 1793ರಲ್ಲಿ ಅದೇ ಅರಸನ ತಲೆ ತೆಗೆಯಲು ಮತ ಹಾಕಿದವರಲ್ಲಿ ದಾವೀದನೂ ಇದ್ದ.

ರೊಕೊಕೊಗೆ ಬೇಸರಪಟ್ಟವರಲ್ಲಿ ಅರಮನೆಯವರೂ ಇದ್ದರು. ಹದಿನೈದನೇ ಲೂಯಿಯ ಪ್ರೇಯಸಿ ಮದಾಮ್ ದು ಬಾರಿ, 1770ರ ದಶಕದ ಮೊದಲಲ್ಲಿ ತನ್ನ ಹೊಸ ಮಂಟಪಕ್ಕೆ ಫ್ರಾಗೊನಾರನಿಂದ ನಾಲ್ಕು ದೊಡ್ಡ ಪ್ರೇಮಚಿತ್ರ ಮಾಡಿಸಿದಳು. ಆಮೇಲೆ ಬೇಡ ಅಂತ ವಾಪಸ್ ಕಳಿಸಿ, ಆ ಜಾಗಕ್ಕೆ ವಿಯೆನ್ ಎಂಬುವವನ ಗ್ರೀಕ್ ಶೈಲಿಯ ಚಿತ್ರ ಹಾಕಿಸಿದಳು. ಈ ವಿಯೆನ್ ದಾವೀದನ ಗುರು. ಹುಡುಗನನ್ನು ಅವನ ಹತ್ತಿರ ಕಳಿಸಿದ್ದು ರೊಕೊಕೊದ ದೊಡ್ಡ ಹೆಸರಾದ ಬುಶೆ, ದಾವೀದನ ದೂರದ ಸಂಬಂಧಿ. ಅಷ್ಟು ಹೊತ್ತಿಗೆ ಇಟಲಿಯಲ್ಲಿ ಜ್ವಾಲಾಮುಖಿಯಡಿ ಹೂತುಹೋಗಿದ್ದ ಹಳೇ ರೋಮನ್ ಊರುಗಳಾದ ಹರ್ಕ್ಯುಲೇನಿಯಮ್ (1738) ಮತ್ತು ಪಾಂಪೆ (1748) ಅಗೆತ ಶುರುವಾಗಿ ದಶಕಗಳೇ ಕಳೆದಿದ್ದವು. ಹಳೇ ರೋಮಿನ ಹುಚ್ಚು ಯುರೋಪಿಗೆಲ್ಲ ಹಿಡಿದಿತ್ತು.

ಹಾಗಂತ ಎರಡೂ ಒಂದೇ ಅಂತ ನಾನು ಹೇಳುತ್ತಿಲ್ಲ. ಫ್ರಾಗೊನಾರನ ಕುಂಚ ಎಲ್ಲೂ ನಿಲ್ಲುವುದಿಲ್ಲ. ಎಲೆ, ಲೇಸು, ಮೋಡ ಎಲ್ಲವೂ ಒಂದೇ ನೊರೆಯಂತೆ ಉಕ್ಕುತ್ತವೆ. ದಾವೀದನ ಚಿತ್ರದಲ್ಲಿ ಕುಂಚ ಓಡಿದ ಗುರುತೇ ಕಾಣದು. ಹಿಂದೆ ಮೂರು ಕಮಾನು, ಬರಿಯ ನೆಲ. ಎಡಗಡೆ ರೋಮಿನ ಪರ ಕಾದಾಡಲು ಹೊರಟ ಹೊರೇಷಿಯ ಮನೆತನದ ಮೂವರು ಅಣ್ಣತಮ್ಮಂದಿರು ಕೈ ಚಾಚಿದ್ದಾರೆ, ನಡುವೆ ಅಪ್ಪ ಮೂರು ಕತ್ತಿ ಎತ್ತಿ ಹಿಡಿದಿದ್ದಾನೆ. ಎಲ್ಲ ಗೆರೆಗಳೂ ನೆಟ್ಟಗೆ. ಬಲ ಮೂಲೆಯ ಹೆಂಗಸರಲ್ಲಿ ಮಾತ್ರ ಗೆರೆ ಬಾಗುತ್ತದೆ. ಅವರಲ್ಲಿ ಈ ಅಣ್ಣತಮ್ಮಂದಿರ ಸೋದರಿ ಕಮಿಲ್ಲಾ ಮದುವೆಯಾಗಬೇಕಿದ್ದ ಹುಡುಗ ಶತ್ರುಗಳ ಮನೆಯವನು. ಈ ಮನೆಯ ಸೊಸೆ ಸಬೀನಾಳ ತವರೇ ಆ ಶತ್ರುಗಳ ಮನೆ. ಯಾರು ಗೆದ್ದರೂ ಇವರಿಗೆ ತಮ್ಮವರ ಸಾವೇ. ಗಂಡಸರ ಪ್ರತಿಜ್ಞೆ ನನಗೆ ಸ್ವಲ್ಪ ನಾಟಕ ಜಾಸ್ತಿ ಅನ್ನಿಸುತ್ತದೆ. ಆ ಮೂಲೆಯಿಂದ ಮಾತ್ರ ಕಣ್ಣು ಕೀಳಲು ಆಗುವುದಿಲ್ಲ. ಅಲ್ಲಿನ ಮೃದುವಾದ ಬಾಗು ಬುಶೆಯ ಕಾಲದ್ದೇ ಅಲ್ವಾ ಅಂತ ಅನುಮಾನ.

ಕ್ರಾಂತಿಯ ನಂತರ ಫ್ರಾಗೊನಾರನಿಗೆ ಗಿರಾಕಿಗಳಿಲ್ಲದೆ ಹೋಯಿತು. ಲೂವ್ರ್‌ನಲ್ಲಿ ಹೊಸದಾಗಿ ತೆರೆದ ಮ್ಯೂಸಿಯಂನಲ್ಲಿ ಅವನಿಗೆ ಕೆಲಸ ಸಿಗಲು ನೆರವಾದದ್ದು ದಾವೀದನೇ.

ಇನ್ನು ನಿಮ್ಮ ಶಾಲೆಯ ಮಾತು. ಎರಡನ್ನೂ ತೋರಿಸಿ, ಆದರೆ ಅಳತೆ ಹೇಳಿ ತೋರಿಸಿ. ಮೊಬೈಲಿನಲ್ಲಿ ಎರಡೂ ಅಂಗೈಯಷ್ಟೇ ಕಾಣುತ್ತವೆ. ‘ಉಯ್ಯಾಲೆ’ಯ ಎತ್ತರ 81 ಸೆಂಟಿಮೀಟರ್, ಅಗಲ 64. ‘ಪ್ರತಿಜ್ಞೆ’ಯ ಎತ್ತರ ಸುಮಾರು 3.3 ಮೀಟರ್, ಅಗಲ 4 ಮೀಟರಿಗೂ ಜಾಸ್ತಿ. ತರಗತಿಯ ಗೋಡೆ ಮೇಲೆ ಚಾಕ್‌ಪೀಸಿನಿಂದ ಎರಡು ಚೌಕಟ್ಟು ಬರೆಸಿ. ಯಾವುದು ಮನೆಯೊಳಗೆ ಒಬ್ಬರೇ ನೋಡೋದು, ಯಾವುದು ಊರೇ ಸೇರಿ ನೋಡೋದು ಅಂತ ಮಕ್ಕಳನ್ನೇ ಕೇಳಿ. ಏನಂದರು ಅಂತ ನಮಗೂ ಬರೆಯಿರಿ.

– ಸಂಪಾದಕ