ಓದುಗರ ಪ್ರಶ್ನೆ: ಈ ವಯಸ್ಸಿನಲ್ಲಿ ಬಣ್ಣ ಹಚ್ಚಬಹುದಾ?

ಪ್ರಶ್ನೆ: ನನಗೆ 58 ವರ್ಷ. ಬಳ್ಳಾರಿಯ ಗಾಂಧಿನಗರದಲ್ಲಿ ಮನೆ. ಇಲ್ಲಿನ ಹವ್ಯಾಸಿ ತಂಡವೊಂದು ಶಾಲೆ ಮಕ್ಕಳಿಂದ ಹಿಡಿದು ಎಪ್ಪತ್ತು ದಾಟಿದವರವರೆಗೆ ಎಲ್ಲರನ್ನೂ ಸೇರಿಸಿ ನಾಟಕ ಆಡಿಸುತ್ತಿದೆ, ಅದಕ್ಕೆ ಆಡಿಷನ್ ಇಟ್ಟಿದ್ದಾರೆ. ಹೈಸ್ಕೂಲಿನಲ್ಲಿ ಒಂದು ಪಾತ್ರ ಮಾಡಿದ್ದು ಬಿಟ್ಟರೆ ನಾನು ಸ್ಟೇಜ್ ಹತ್ತಿಲ್ಲ. ಮಾತು ನೆನಪಿರುತ್ತದೋ ಇಲ್ಲವೋ ಎಂಬ ಭಯ. ಮನೆಯಲ್ಲಿ ತೆಲುಗು ಆಡುವವರು ನಾವು, ನನ್ನ ಕನ್ನಡದಲ್ಲಿ ಅದು ಗೊತ್ತಾಗುತ್ತದೆ. ನಿರ್ದೇಶಕ ನನ್ನ ಮಗನಿಗಿಂತ ಚಿಕ್ಕವನು. ನಾಲ್ಕು ಮಂದಿ ಏನಂತಾರೋ ಎಂದು ಮನೆಯವರು ಗೊಣಗುತ್ತಿದ್ದಾರೆ. ಹೋಗಲಾ, ಬೇಡವಾ?
(ಗೃಹಿಣಿ, ಹೆಸರು ಬೇಡ, ಬಳ್ಳಾರಿ)

ಉತ್ತರ: ಹೋಗಿ ಬನ್ನಿ ಅಮ್ಮಾ. ವಯಸ್ಸಿನ ಮಾತು ಆಮೇಲಿರಲಿ, ಆಡಿಷನ್‌ನಲ್ಲಿ ಕೂತವರು ಏನು ನೋಡುತ್ತಾರೆ ಅನ್ನುವುದು ಮೊದಲು ನಿಮಗೆ ಗೊತ್ತಿರಬೇಕು. ಆ ಮೇಜಿನ ಹಿಂದೆ ನಾನು ಎಷ್ಟೋ ಸಂಜೆ ಕೂತಿದ್ದೇನೆ. ಬರುವವರಲ್ಲಿ ಹೆಚ್ಚಿನವರಿಗೆ ತಮ್ಮ ಮಾತಿನದೇ ಚಿಂತೆ. ಎದುರಿಗಿದ್ದವರು ಮಾತಾಡುತ್ತಿದ್ದರೂ ಇವರ ಕಣ್ಣು ಹಾಳೆಯಲ್ಲಿ, ಮುಂದಿನ ಸಾಲಿನ ಮೇಲೆ. ನಾವು ಹುಡುಕುವುದು ಕೇಳಿಸಿಕೊಳ್ಳುವವರನ್ನು. ಎಲ್ಲ ವಯಸ್ಸಿನವರೂ ಸೇರಿ ಆಡುವ ನಾಟಕಕ್ಕೆ ಅದಿಲ್ಲದೆ ನಡೆಯುವುದೇ ಇಲ್ಲ. ಮಕ್ಕಳು ಒಂದೊಂದು ದಿನ ಒಂದೊಂದು ಥರ ಹೇಳುತ್ತಾರೆ, ಕಾಲೇಜು ಹುಡುಗರು ಮಾತು ಓಡಿಸಿಬಿಡುತ್ತಾರೆ, ನಮ್ಮಂಥವರು ನಡುವೆ ಉಸಿರು ತಗೊಳ್ಳುತ್ತೇವೆ. ಒಬ್ಬರನ್ನೊಬ್ಬರು ಕೇಳಿಸಿಕೊಂಡರೆ ಮಾತ್ರ ದೃಶ್ಯ ನಿಲ್ಲುತ್ತದೆ.

ಒಮ್ಮೆ, ಅಂಗಡಿಯನ್ನು ಮಗನಿಗೆ ಬಿಟ್ಟುಕೊಟ್ಟ ಹಿರಿಯರೊಬ್ಬರು ಬಂದಿದ್ದರು. ಅವರಿಗೂ ಐದನೇ ಕ್ಲಾಸಿನ ಒಬ್ಬ ಹುಡುಗಿಗೂ ತಾತ ಮೊಮ್ಮಗಳ ಒಂದು ಪುಟ ಓದಲು ಕೊಟ್ಟೆವು. ಹುಡುಗಿ ಅರ್ಧಕ್ಕೇ ನಿಂತಳು. ಹಾಳೆಯ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನೆಲ ನೋಡಿದಳು. ಹಿರಿಯರು ನಮ್ಮ ಕಡೆ ತಿರುಗಲಿಲ್ಲ, ಅವಳ ಸಾಲನ್ನು ಹೇಳಿಕೊಡಲೂ ಇಲ್ಲ. ತಾತನ ದನಿಯಲ್ಲೇ “ಯಾಕವ್ವ, ಬಿಸಿಲಾಗ ಬಂದೀಯೇನು? ಕುಂದ್ರು” ಅಂದು ತಾವೇ ಮೊದಲು ನೆಲಕ್ಕೆ ಕೂತರು. ಅವಳೂ ಕೂತಳು. ಉಳಿದ ಮಾತನ್ನು ಹಾಳೆ ನೋಡದೆ ಹೇಳಿದಳು. ಅವರ ದನಿ ಸಣ್ಣದಿತ್ತು, ಉಚ್ಚಾರದಲ್ಲಿ ತಪ್ಪಿದ್ದವು. ಆದರೂ ಪಾತ್ರ ಅವರಿಗೇ ಕೊಟ್ಟೆವು. ದನಿ, ಉಚ್ಚಾರ ಎರಡನ್ನೂ ತಾಲೀಮಿನಲ್ಲಿ ತಿದ್ದಬಹುದು. ಅವರು ಆ ಹುಡುಗಿಗಾಗಿ ಕಾದರಲ್ಲ, ಅದನ್ನು ಹೇಳಿಕೊಡುವುದಕ್ಕೆ ನಮಗೆ ಬಹಳ ಕಾಲ ಬೇಕಾಗುತ್ತಿತ್ತು.

ತೆಲುಗಿನ ಬಗ್ಗೆ ಸಂಕೋಚ ಬೇಡವೇ ಬೇಡ. 1953ರಲ್ಲಿ ಮೈಸೂರು ರಾಜ್ಯಕ್ಕೆ ಸೇರುವ ತನಕ ನಮ್ಮದು ಮದ್ರಾಸಿಗೆ ಸೇರಿದ ಜಿಲ್ಲೆ, ಇಲ್ಲಿ ಒಂದೇ ಮನೆಯಲ್ಲಿ ಎರಡು ಭಾಷೆ ಸಲೀಸಾಗಿ ಓಡಾಡುತ್ತವೆ. ನಾಟಕ ಸಾಮಾಜಿಕವೋ ಪೌರಾಣಿಕವೋ ಎಂದು ಮೊದಲೇ ಕೇಳಿಕೊಳ್ಳಿ. ಸಾಮಾಜಿಕವಾದರೆ ನಿಮ್ಮ ಮಾತೇ ಪಾತ್ರಕ್ಕೆ ಜೀವ, ಅದನ್ನು ಒರೆಸಿ ರೇಡಿಯೋ ಕನ್ನಡ ಮಾಡಿಕೊಳ್ಳಬೇಡಿ. ಪೌರಾಣಿಕವಾದರೆ ಮಹಾಪ್ರಾಣ ಗಟ್ಟಿ ಇರಬೇಕು, ‘ಧರ್ಮ’ ಹೋಗಿ ‘ದರ್ಮ’ ಆಗಬಾರದು. ಇದಕ್ಕೆ ದಿನಾ ಬೆಳಿಗ್ಗೆ ಪತ್ರಿಕೆಯ ಒಂದು ಕಾಲಂ ಜೋರಾಗಿ ಓದಿದರೆ ಸಾಕು, ಬೇರೆ ಮದ್ದು ಬೇಡ.

ನಾಲ್ಕು ಮಂದಿಯ ಮಾತಿಗೆ ಬರುತ್ತೇನೆ, ಇದು ನನ್ನನ್ನೂ ನೋಯಿಸುವ ಮಾತು. ಬಳ್ಳಾರಿ ರಾಘವರು (1880–1946) ವಕೀಲರಾಗಿದ್ದುಕೊಂಡೇ ನಾಟಕ ಆಡಿದವರು. ಹೆಣ್ಣಿನ ಪಾತ್ರವನ್ನು ಹೆಣ್ಣುಮಕ್ಕಳೇ ಮಾಡಬೇಕು ಎಂದು, ಗಂಡಸರೇ ಸೀರೆ ಉಟ್ಟು ಬರುತ್ತಿದ್ದ ಕಾಲದಲ್ಲಿ ಹಟ ಹಿಡಿದವರು. ಅವರ ಹೆಸರಿನ ಕಲಾಮಂದಿರ ನಮ್ಮ ಊರಿನಲ್ಲೇ ಇದೆ. 2020ರಲ್ಲಿ ತೀರಿಕೊಂಡ ಗಾಯಕ ನಟಿ ಸುಭದ್ರಮ್ಮ ಮನ್ಸೂರು ಅವರ ರಂಗಗೀತೆಗಳನ್ನು ಇಲ್ಲಿನ ಜನ ಎಂಥ ಪ್ರೀತಿಯಿಂದ ಕೇಳಿದರು ಎಂಬುದು ನಿಮ್ಮ ಮನೆಯವರಿಗೂ ಗೊತ್ತಿರುತ್ತದೆ. ಇಷ್ಟಾದ ಮೇಲೂ ಇದೇ ಊರಿನಲ್ಲಿ ಗೃಹಿಣಿಯೊಬ್ಬರು ಆಡಿಷನ್‌ಗೆ ಹೋಗಲು ಹತ್ತು ಸಲ ಯೋಚಿಸಬೇಕೆ? ಮನೆಯವರನ್ನು ಒಂದು ಸಂಜೆ ತಾಲೀಮಿಗೆ ಕರೆದುಕೊಂಡು ಹೋಗಿ ಕೂರಿಸಿ. ನಾನು ನೋಡಿದಂತೆ ಗೊಣಗಾಟ ಕಡಿಮೆಯಾಗುವುದು ಅಲ್ಲಿಯೇ, ವಾದದಿಂದಲ್ಲ.

ನೆನಪಿನ ವಿಷಯ. ಆಡಿಷನ್‌ನಲ್ಲಿ ಸಾಮಾನ್ಯವಾಗಿ ಹಾಳೆ ಕೈಗೇ ಕೊಡುತ್ತಾರೆ, ಬಾಯಿಪಾಠ ಕೇಳಿದರೂ ಒಂದೆರಡು ನಿಮಿಷದ್ದು. ಓದುವ ಕನ್ನಡಕ ಮರೆಯಬೇಡಿ. ಪಾತ್ರ ಸಿಕ್ಕ ಮೇಲೆ ನಿಮ್ಮ ಮಾತನ್ನು ನಿಮ್ಮ ಕೈಯಲ್ಲೇ ನೋಟ್‌ಬುಕ್ಕಿಗೆ ಬರೆದುಕೊಳ್ಳಿ. ಪ್ರತಿ ಮಾತಿನ ಮೇಲೆ ಎದುರಿನವರ ಕೊನೆಯ ಮೂರು ನಾಲ್ಕು ಪದ ಬರೆಯಿರಿ, ಅದನ್ನೇ ಮೊದಲು ಕಲಿಯಿರಿ. ಅದು ಕಿವಿಗೆ ಬಿದ್ದರೆ ನಿಮ್ಮದು ತಾನಾಗಿ ಬರುತ್ತದೆ. ಕೂತು ಉರು ಹೊಡೆಯಬೇಡಿ. ಅಡುಗೆಮನೆಯಿಂದ ಪಡಸಾಲೆಗೆ ಓಡಾಡುತ್ತ ಹೇಳಿಕೊಳ್ಳಿ, ಕಾಲು ಆಡಿದರೆ ಮಾತು ನೆನಪಿನಲ್ಲಿ ನಿಲ್ಲುತ್ತದೆ. ಹಾಡಿಸಿದರೆ, ಹಾರ್ಮೋನಿಯಂ ಮಾಸ್ತರರು ಹಿಡಿದ ಶ್ರುತಿ ಎತ್ತರವಾದಾಗ “ಒಂದು ಮನೆ (ಅಂದರೆ ಹಾರ್ಮೋನಿಯಂನ ಒಂದು ಕೀ) ಇಳಿಸ್ರಿ” ಎಂದು ಧೈರ್ಯವಾಗಿ ಕೇಳಿ, ಅದು ನಿಮ್ಮ ಹಕ್ಕು.

ನಿರ್ದೇಶಕರನ್ನು ತಾಲೀಮಿನ ಜಾಗದಲ್ಲಿ ‘ಸರ್’ ಅನ್ನಿ. ಚಹಾದ ಹೊತ್ತಿಗೆ ‘ತಮ್ಮಾ’ ಎಂದು ಕರೆದರೆ ಅವರಿಗೂ ಸಂತೋಷವೇ. ಆದರೆ ಎಲ್ಲರ ಮುಂದೆ ಅವರನ್ನು ತಿದ್ದಲು ಹೋಗಬೇಡಿ. ಇನ್ನೊಂದು ಮುಖ್ಯ ಮಾತು: ಅರ್ಜಿಯಲ್ಲಿ ಮಂಡಿನೋವು, ಬಿಪಿ, ರಾತ್ರಿ ಎಷ್ಟು ಹೊತ್ತಿನ ತನಕ ಇರಬಲ್ಲಿರಿ ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಬರೆಯಿರಿ. ನೆಲಕ್ಕೆ ಕೂತು ಏಳಲಾಗದವರಿಗೆ ಕುರ್ಚಿ ಹಾಕಿ ದೃಶ್ಯ ಕಟ್ಟುವುದು ಕಷ್ಟವಲ್ಲ, ಮೊದಲೇ ಗೊತ್ತಿರಬೇಕು ಅಷ್ಟೆ. ನಮ್ಮ ಬೇಸಿಗೆಯಲ್ಲಿ ದನಿ ಕೇಳಲೆಂದು ಫ್ಯಾನ್ ನಿಲ್ಲಿಸಿ ತಾಲೀಮು ಮಾಡಿಸುವುದೂ ಉಂಟು. ನೀರಿನ ಬಾಟಲಿ ಜೊತೆಗಿರಲಿ.

ಪ್ರಶ್ನೆ: ನಾನು, ನನ್ನ ಹತ್ತು ವರ್ಷದ ಮಗ ಇಬ್ಬರೂ ಒಂದೇ ನಾಟಕದ ಆಡಿಷನ್‌ಗೆ ಹೋಗಿದ್ದೆವು. ಅವನಿಗೆ ಪಾತ್ರ ಸಿಕ್ಕಿತು, ನನಗೆ ಸಿಗಲಿಲ್ಲ. ದಿನಾ ಅವನನ್ನು ಕರೆದೊಯ್ದು ಸುಮ್ಮನೆ ಕೂತು ಬರುವುದು ಬೇಸರ ತರಿಸುತ್ತಿದೆ.
(ಒಬ್ಬ ತಂದೆ, ಸಿರುಗುಪ್ಪ)

ಉತ್ತರ: ಬೇಸರವಾಗುವುದು ಸಹಜ, ಆಸೆ ಇಟ್ಟುಕೊಂಡು ಹೋದವರು ನೀವು. ಹಾಗಂತ ಸುಮ್ಮನೆ ಕೂರಬೇಡಿ. ಪರದೆ, ಲೈಟು, ವೇದಿಕೆಗೆ ಹೋಗಬೇಕಾದ ಚೊಂಬು, ಕೋಲು, ಲಾಟೀನು ಸರಿಯಾದ ಹೊತ್ತಿಗೆ ಸರಿಯಾದ ಕೈಗೆ ಸಿಗುವಂತೆ ನೋಡಿಕೊಳ್ಳುವ ಕೆಲಸಕ್ಕೆ ಎಲ್ಲ ತಂಡದಲ್ಲೂ ಜನ ಕಡಿಮೆ. ಆ ಕೆಲಸ ಕೇಳಿ ತೆಗೆದುಕೊಳ್ಳಿ. ಪ್ರತಿ ತಾಲೀಮಿಗೂ ಇರುವವರಿಗೆ ಎಲ್ಲರ ಮಾತೂ ಬಾಯಿಗೆ ಬಂದಿರುತ್ತದೆ. ಯಾರಾದರೂ ನಡುವೆ ಬಿಟ್ಟುಹೋದರೆ ನಿರ್ದೇಶಕರು ಮೊದಲು ನೋಡುವುದು ಅವರನ್ನೇ.

ಮಗನ ವಿಷಯದಲ್ಲಿ ಒಂದು ಬೇಡಿಕೆ. ಮನೆಯಲ್ಲಿ ಅವನಿಗೆ ನಿಮ್ಮ ಧಾಟಿಯಲ್ಲಿ ಮಾತು ಹೇಳಿಕೊಡಬೇಡಿ. ತಾಲೀಮಿನಲ್ಲಿ ಒಂದು, ಮನೆಯಲ್ಲಿ ಇನ್ನೊಂದು ಕಲಿತ ಮಗು ವೇದಿಕೆಯ ಮೇಲೆ ಎರಡರ ನಡುವೆ ಸಿಕ್ಕಿಕೊಂಡು ನಿಲ್ಲುತ್ತದೆ. ನೀವು ಎದುರಿನ ಪಾತ್ರದ ಮಾತನ್ನಷ್ಟೇ ಓದಿ, ಅವನು ತನ್ನದು ಹೇಳಲಿ. ಶಾಲೆಯ ಪರೀಕ್ಷೆಯ ತಾರೀಖುಗಳನ್ನು ಈಗಲೇ ತಂಡಕ್ಕೆ ಬರೆದುಕೊಡಿ.

ಪ್ರಶ್ನೆ: ಆಡಿಷನ್‌ಗೆ ಮೇಕಪ್ ಮಾಡಿಕೊಂಡು, ಪಾತ್ರದ ವೇಷದಲ್ಲೇ ಹೋಗಬೇಕಾ?
(ಕಾಲೇಜು ವಿದ್ಯಾರ್ಥಿನಿ, ಸಂಡೂರು)

ಉತ್ತರ: ಬೇಡಮ್ಮ. ಮುಖ ಕಾಣುವಂತೆ ಕೂದಲು ಕಟ್ಟಿಕೊಂಡು, ಕೂತು ಎದ್ದು ಓಡಲು ಬರುವ ಹತ್ತಿ ಬಟ್ಟೆ ಹಾಕಿಕೊಂಡು ಹೋಗು. ಕೈಯಲ್ಲಿ ಸದ್ದು ಮಾಡುವ ಬಳೆ ಬೇಡ. ಹೇಳಿದ ಹೊತ್ತಿಗಿಂತ ಸ್ವಲ್ಪ ಮುಂಚೆ ಹೋಗಿ ಬೇರೆಯವರು ಓದುವುದನ್ನು ಕೇಳು. ನಿನ್ನ ಸರದಿ ಮುಗಿದ ಮೇಲೂ, ಬಿಟ್ಟರೆ, ಕೊನೆಯವರೆಗೆ ಕೂತಿರು. ಸಂಡೂರಿಗೆ ಕೊನೆಯ ಬಸ್ಸು ಎಷ್ಟಕ್ಕೆ ಎಂದು ವಿಚಾರಿಸಿಕೊಂಡು, ಅದನ್ನು ಆಡಿಷನ್ ಮಾಡಿಸುವವರಿಗೆ ಮೊದಲೇ ಹೇಳಿಬಿಡು.